ಎರಡು ಕಾರ್ಬೊರೇಟರ್, ನಾಲ್ಕು ಭಾನುವಾರ

ದಾವಣಗೆರೆಯ ಮಂಡಿಪೇಟೆಯಲ್ಲಿ ದಲ್ಲಾಳಿ ಅಂಗಡಿ ಇಟ್ಟಿದ್ದ ನಮ್ಮ ಸೋದರಮಾವ ತೀರಿಕೊಂಡ ವರ್ಷ ಅತ್ತೆ ಫೋನ್ ಮಾಡಿದ್ದರು. 'ಹಿತ್ತಲಾಗೆ ನಿಮ್ಮ ಮಾವನ ಗಾಡಿ ನಿಂತೈತಿ. ಗುಜರಿಯವನು ಎರಡು ಸಲ ಬಂದು ಕೇಳ್ಯಾನ. ನಿನಗೆ ಬೇಕಾದ್ರ ತಗೊಂಡು ಹೋಗಪ್ಪ' ಅಂದರು. ಅವತ್ತೇ ಸಂಜೆ ಟಾಟಾ ಏಸ್ ಮಾಡಿಕೊಂಡು ಹೋಗಿ ತಂದೆ. ಮಾವನ ಹಿಂದೆ ಕೂತು ಹರಿಹರದ ಹೊಳೆಗೆ ಹೋಗುತ್ತಿದ್ದ ಗಾಡಿ ಅದು. ಗುಜರಿಗೆ ಹೇಗೆ ಬಿಡೋದು?

ಗಾಡಿ ರಾಜದೂತ್ 350. ಹುಡುಗರು ಆರ್‌ಡಿ ಅಂತಾರೆ. ಯಮಹಾದ ಆರ್‌ಡಿ 350 ಗಾಡಿಯನ್ನು ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ನಮ್ಮ ದೇಶದಲ್ಲಿ ತಯಾರಿಸಲು ಶುರು ಮಾಡಿತು. 347 ಸಿಸಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್, ಆರು ಗೇರ್. ಮೊದಲು ಬಂದದ್ದು 30.5 ಕುದುರೆಶಕ್ತಿಯ ಹೈ ಟಾರ್ಕ್. ಆಮೇಲೆ ಪೆಟ್ರೋಲ್ ಸ್ವಲ್ಪ ಕಡಿಮೆ ಕುಡಿಯಲಿ ಅಂತ 27ಕ್ಕೆ ಇಳಿಸಿದ ಲೋ ಟಾರ್ಕ್ ಬಂತು. ಮಾವನದು ಈ ಎರಡನೆಯದು, 1986ರ ಗಾಡಿ. ಕಡಿಮೆ ಅಂದರೂ ಲೀಟರಿಗೆ 20 ದಾಟಿದರೆ ಪುಣ್ಯ. ಆಗ ತಾನೆ ನೂರು ಸಿಸಿ ಗಾಡಿಗಳು ಬಂದು ಮೈಲೇಜ್ ರುಚಿ ಹತ್ತಿಸಿದ್ದವು. ಇದು ಜಾಸ್ತಿ ದಿನ ಮಾರಾಟ ಆಗಲಿಲ್ಲ ಅಂದರೆ ಆಶ್ಚರ್ಯ ಏನಿಲ್ಲ.

ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವುದು ಕಾರ್ಬೊರೇಟರ್. ಎರಡು ಸಿಲಿಂಡರಿಗೆ ಎರಡು ಕಾರ್ಬೊರೇಟರ್. ನನ್ನ ಕಥೆ ಇರುವುದೇ ಅಲ್ಲಿ.

ತಂದ ಮೇಲೆ ಟ್ಯಾಂಕ್ ತೊಳೆಸಿ, ಟೈರ್ ಹಾಕಿಸಿ, ಊರಿನ ಒಂದು ವರ್ಕ್‌ಶಾಪಿಗೆ ಬಿಟ್ಟೆ. ಇಪ್ಪತ್ತು ದಿನ ಇಟ್ಟುಕೊಂಡು 'ಕಾರ್ಬೊರೇಟರ್ ಫುಲ್ ಸರ್ವಿಸ್ ಆಗೈತಿ' ಅಂತ ಕೊಟ್ಟರು. ಹತ್ತು ಕಿಕ್ಕಿಗೆ ಸ್ಟಾರ್ಟ್ ಆಯಿತು. ಆದರೆ ಸಿಗ್ನಲ್ಲಿನಲ್ಲಿ ನಿಲ್ಲಿಸಿದರೆ ಎಂಜಿನ್ ಒಂದು ಸಲ ಸಾಯುತ್ತಿತ್ತು, ಇನ್ನೊಂದು ಸಲ ಎಕ್ಸಲೇಟರ್ ಬಿಟ್ಟರೂ ಇಳಿಯದೆ 'ಊಂ' ಅಂತ ಮೇಲೇ ನಿಲ್ಲುತ್ತಿತ್ತು. ಹಿಂದೆ ಹೊಗೆ ಬೇರೆ. ನಮ್ಮ ಓಣಿಯವರು 'ಏನ್ರೀ, ಮಂಡಕ್ಕಿ ಭಟ್ಟಿ ಇಲ್ಲೇ ಹಾಕಿದ್ರಾ?' ಅಂತ ಕೇಳಿದರು. ಮತ್ತೆ ತೆಗೆದುಕೊಂಡು ಹೋದೆ. ಅವರು ಎರಡೂ ಕಡೆ ಸ್ಕ್ರೂ ಅರ್ಧ ಸುತ್ತು ತಿರುಗಿಸಿ ಕೊಟ್ಟರು. ಮತ್ತೊಂದು ಸಲ ಹೋದಾಗ ಅದೇ ಅರ್ಧ ಸುತ್ತನ್ನು ವಾಪಸ್ ತಿರುಗಿಸಿದರು.

ಕೊನೆಗೆ ಪಿ.ಬಿ. ರಸ್ತೆ ಹಿಂದಿನ ಗಲ್ಲಿಯಲ್ಲಿ ಒಬ್ಬ ಹಳೇ ಮೇಸ್ತ್ರಿ ಇದ್ದಾರೆ ಅಂತ ಗೊತ್ತಾಯಿತು. ಎಪ್ಪತ್ತರ ಹತ್ತಿರ ವಯಸ್ಸು. ಎಲ್ಲರೂ ಕಾಕಾ ಅಂತಾರೆ, ನಾನೂ ಹಾಗೇ ಕರೆದೆ. ಮೈಸೂರಿನ ಜಾವಾ, ಯೆಜ್ಡಿ ಬಿಚ್ಚಿ ಬೆಳೆದ ಕೈ. ಅಂಗಡಿಯಲ್ಲಿ ದೇವರ ಫೋಟೋ ಮುಂದೆ ಒಂದು ಪಿಸ್ಟನ್ ಇಟ್ಟಿದ್ದರು. ನೆತ್ತಿಯಲ್ಲಿ ಬೆರಳು ತೂರುವಷ್ಟು ತೂತು. ಅದರಲ್ಲಿ ಊದುಬತ್ತಿ.

'ಇದೇನು ಕಾಕಾ?'

'ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ. ಹಂಗೇ ಓಡಿಸಿದ. ಕರಗಿ ಹೋಗೈತಿ ನೋಡು' ಅಂದರು.

ಆಮೇಲೆ ಗಾಡಿ ಸ್ಟಾರ್ಟ್ ಮಾಡಲು ಹೇಳಿ, ಎರಡು ನಿಮಿಷ ಬಿಟ್ಟು, ಲೋಟದಿಂದ ನೀರು ತೆಗೆದು ಎರಡೂ ಸೈಲೆನ್ಸರ್ ಪೈಪಿನ ಬುಡಕ್ಕೆ ಚಿಮುಕಿಸಿದರು. ಬಲಗಡೆ 'ಚುಸ್' ಅಂತ ಹಾರಿಹೋಯಿತು. ಎಡಗಡೆ ಹನಿ ಹನಿಯಾಗಿ ಜಾರಿ ಕೆಳಗೆ ಬಿತ್ತು, ಆ ಕಡೆ ಪೈಪು ಬಿಸಿಯೇ ಆಗಿರಲಿಲ್ಲ. ಎರಡೂ ಪ್ಲಗ್ಗು ಬಿಚ್ಚಿಸಿದರು. ಎಡದ್ದು ಕಾಡಿಗೆ ಬಳಿದ ಹಾಗೆ ಕರ್ರಗೆ, ಒದ್ದೆ. ಬಲದ್ದು ಸುಣ್ಣ ಹಚ್ಚಿದ ಹಾಗೆ ಬೆಳ್ಳಗೆ. ಸರಿಯಾಗಿ ಉರಿಯುವ ಪ್ಲಗ್ಗು ಕಾಫಿಪುಡಿ ಬಣ್ಣಕ್ಕೆ ಇರಬೇಕು.

'ಒಬ್ಬಂಗೆ ಅಜೀರ್ಣ, ಇನ್ನೊಬ್ಬಂಗೆ ಹಸಿವು. ಇಬ್ಬರಿಗೂ ಒಂದೇ ಗುಳಿಗಿ ಕೊಟ್ಟಾರ' ಅಂದರು ಕಾಕಾ. ಮೂರು ತಿಂಗಳಿಂದ ಯಾಕೆ ಸರಿ ಹೋಗಿಲ್ಲ ಅಂತ ಅವತ್ತು ಅರ್ಥವಾಯಿತು. ಎಡ ಬಲ ಎರಡಕ್ಕೂ ಬೇರೆ ಬೇರೆ ಕಾಯಿಲೆ. ಎರಡೂ ಕಡೆ ಅರ್ಧರ್ಧ ಸುತ್ತು ತಿರುಗಿಸಿದರೆ ಒಂದು ಕಡೆ ಸ್ವಲ್ಪ ಸುಧಾರಿಸುತ್ತದೆ, ಇನ್ನೊಂದು ಕಡೆ ಅಷ್ಟೇ ಕೆಡುತ್ತದೆ.

ಕಾಕಾಗೆ ಕಣ್ಣು ಮೊದಲಿನಷ್ಟು ಕಾಣಿಸುವುದಿಲ್ಲ. 'ನಾನು ಹೇಳ್ತೀನಿ, ನೀನು ಮಾಡು' ಅಂದರು. ಹಾಗಾಗಿ ಭಾನುವಾರ ಭಾನುವಾರ ನಾನೇ ಶಿಷ್ಯನಾದೆ.

ಮೊದಲ ಭಾನುವಾರ ಕಾರ್ಬೊರೇಟರನ್ನು ಮುಟ್ಟಲೇ ಬಿಡಲಿಲ್ಲ. ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು. ಈ ಗಾಡಿಗೆ ಎರಡು ಜೊತೆ ಪಾಯಿಂಟ್, ಅಂದರೆ ತೆರೆದುಕೊಂಡಾಗ ಪ್ಲಗ್ಗಿನಲ್ಲಿ ಕಿಡಿ ಹಾರಿಸುವ ಪುಟ್ಟ ಸ್ವಿಚ್ಚು. ಒಂದೊಂದು ಸಿಲಿಂಡರಿಗೆ ಒಂದೊಂದು. ಅವು ಎಷ್ಟು ತೆರೆದುಕೊಳ್ಳುತ್ತವೆ, ಯಾವ ಹೊತ್ತಿಗೆ ತೆರೆದುಕೊಳ್ಳುತ್ತವೆ ಅನ್ನುವುದು ಸರಿ ಇಲ್ಲದಿದ್ದರೆ ಕಾರ್ಬೊರೇಟರಿಗೆ ಎಷ್ಟು ಪೂಜೆ ಮಾಡಿದರೂ ದಂಡ ಅಂದರು. ಪಾಯಿಂಟ್‌ಗಳನ್ನು ಉಜ್ಜಿ, ನಡುವಿನ ಸಂದು 0.35 ಮಿಲಿಮೀಟರ್ ಇಟ್ಟೆವು. ಪ್ಲಗ್ಗಿನ ತೂತಿಗೆ ಡಯಲ್ ಗೇಜ್ ಇಳಿಸಿ, ಪಿಸ್ಟನ್ ಮೇಲಿನ ತುದಿ ಮುಟ್ಟಲು ಇನ್ನೂ 2 ಮಿಲಿಮೀಟರ್ ಇರುವಾಗ ಕಿಡಿ ಹಾರುವ ಹಾಗೆ ಕೂರಿಸಿದೆವು. ಬಲಗಡೆ ಆಗಲೇ ಸರಿಯಿತ್ತು. ಎಡಗಡೆ ತಡವಾಗಿ ಕಿಡಿ ಬರುತ್ತಿತ್ತು. ಅಷ್ಟು ಮಾಡಿದ್ದಕ್ಕೇ ಗಾಡಿ ಮೂರನೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ನನ್ನ ಸಿಟ್ಟು ಇಳಿಯಿತು.

ಹೊರಡುವಾಗ ಕಾಕಾ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿದರು.

'ಎಣ್ಣೆ ಎಷ್ಟು ಹಾಕ್ತಿ?'

ನಮ್ಮ ಗಾಡಿಯ ಆಯಿಲ್ ಪಂಪನ್ನು ಯಾರೋ ಯಾವುದೋ ಕಾಲದಲ್ಲಿ ಕಿತ್ತು ಹಾಕಿದ್ದರು. ಹಾಗಾಗಿ ಟೂ ಸ್ಟ್ರೋಕ್ ಎಂಜಿನ್ನಿಗೆ ಬೇಕಾದ 2ಟಿ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕು. 'ಲೀಟರಿಗೆ ಅರವತ್ತು ಎಂಎಲ್ ಕಾಕಾ. ಒಂದೊಂದು ಸಲ ಸ್ವಲ್ಪ ಮುಂದೆ. ಪಿಸ್ಟನ್ ಸಿಕ್ಕಿಕೊಂಡು ಸೀಜ್ ಆಗಬಾರದಲ್ಲ' ಅಂದೆ.

ಕಾಕಾ ನಕ್ಕರು. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾದುಹೋಗುವ ಜೆಟ್ಟಿನ ತೂತು ಇರುವಷ್ಟೇ ಇರುತ್ತದೆ. ಅದರಲ್ಲಿ ಎಣ್ಣೆ ಜಾಸ್ತಿ ಹೋದರೆ ಪೆಟ್ರೋಲ್ ಕಡಿಮೆ ಹೋಗುತ್ತದೆ. ಎಣ್ಣೆ ದಪ್ಪ ಆದ್ದರಿಂದ ಹರಿಯುವುದೂ ನಿಧಾನ. ಅಂದರೆ ಸೀಜ್ ಆಗಬಾರದು ಅಂತ ನಾನು ಸುರಿದ ಎಣ್ಣೆಯೇ ಬಲಗಡೆಯ ಹಸಿವನ್ನು ಇನ್ನಷ್ಟು ಹೆಚ್ಚಿಸುತ್ತಿತ್ತು, ಮೇಲೆ ಹೊಗೆ ದಂಡ. ಅವತ್ತಿನಿಂದ ಅಳತೆ ಲೋಟದಲ್ಲಿ ಲೀಟರಿಗೆ 40 ಎಂಎಲ್. ನಮ್ಮ ಮಗಳ ಕೆಮ್ಮಿನ ಔಷಧಿಯ ಮುಚ್ಚಳ ಈಗ ನನ್ನ ಟೂಲ್ ಡಬ್ಬಿಯಲ್ಲಿದೆ.

ಎರಡನೇ ಭಾನುವಾರ ಕಾರ್ಬೊರೇಟರ್ ಬಿಚ್ಚಿದ್ದು ನಮ್ಮ ಮನೆಯಲ್ಲೇ, ಹದಡಿ ರಸ್ತೆ ಕಡೆ. ಹಳೇ ಪೇಪರ್ ಹಾಸಿ, ಬನಿಯನ್ ಬಟ್ಟೆ ಇಟ್ಟುಕೊಂಡು, ಪಡಸಾಲೆಯಲ್ಲಿ ಕೂತೆ. ಎಡದ್ದಕ್ಕೆ ಒಂದು ತಟ್ಟೆ, ಬಲದ್ದಕ್ಕೆ ಒಂದು ತಟ್ಟೆ. ಎರಡರ ಸಾಮಾನು ಬೆರೆಯಬಾರದು ಅನ್ನುವುದು ಕಾಕಾನ ಕಟ್ಟುನಿಟ್ಟಿನ ಮಾತು. ತಟ್ಟೆ ಯಾವುದು ಅಂತ ನಮ್ಮವಳಿಗೆ ಗೊತ್ತಾಗುವ ಹೊತ್ತಿಗೆ ಅರ್ಧ ಕೆಲಸ ಮುಗಿದಿತ್ತು. ಆ ಎರಡು ತಟ್ಟೆ ಆಮೇಲೆ ಅಡುಗೆಮನೆಗೆ ವಾಪಸ್ ಹೋಗಲಿಲ್ಲ.

ಕೆಳಗಿನ ಬಟ್ಟಲು ಬಿಚ್ಚಿದರೆ ತಳದಲ್ಲಿ ಬೆಲ್ಲದ ಪಾಕದಂಥ ಅಂಟು. ಪೆಟ್ರೋಲ್ ವರ್ಷಗಟ್ಟಲೆ ಆರಿ ಆರಿ ಹಾಗಾಗುತ್ತದೆ. 'ಫುಲ್ ಸರ್ವಿಸ್' ಅಂದವರು ಬಟ್ಟಲನ್ನು ತೆರೆದೇ ಇರಲಿಲ್ಲ ಅಂದುಕೊಂಡೆ. ಆದರೆ ಒಳಗಿನ ಜೆಟ್ ನೋಡಿದ ಮೇಲೆ, ಯಾರೋ ಯಾವಾಗಲೋ ತೆರೆದಿದ್ದಾರೆ, ತೆರೆಯದಿದ್ದರೇ ಚೆನ್ನಾಗಿತ್ತು ಅನಿಸಿತು.

ಜೆಟ್ ಅಂದರೆ ಹಿತ್ತಾಳೆಯ ಸಣ್ಣ ತುಂಡು, ನಡುವೆ ಕೂದಲೆಳೆಯಂಥ ತೂತು. ಪೈಲಟ್ ಜೆಟ್ ಸ್ಲೋ ಸ್ಪೀಡಿಗೆ, ಅಂದರೆ ಎಕ್ಸಲೇಟರ್ ಬಿಟ್ಟಾಗ. ಮೇನ್ ಜೆಟ್ ಪೂರ್ತಿ ಎಕ್ಸಲೇಟರಿಗೆ. ಕಾಕಾ ಹೇಳಿದ ಹಾಗೆ ಎರಡೂ ಪೈಲಟ್ ಜೆಟ್‌ಗಳನ್ನು ಕಿಟಕಿ ಬೆಳಕಿಗೆ ಹಿಡಿದು, ಅವ್ವನ ಓದೋ ಭೂತಗನ್ನಡಿಯಲ್ಲಿ ನೋಡಿದೆ. ಬಲದ್ದರ ತೂತು ದುಂಡಗೆ. ಎಡದ್ದರದು ಮೊಟ್ಟೆಯಾಕಾರ, ಅಂಚಿನಲ್ಲಿ ಗೀರು. ಕಸ ಕಟ್ಟಿದೆ ಅಂತ ಯಾರೋ ಸೂಜಿಯೋ ತಂತಿಯೋ ತೂರಿಸಿ ತಿರುವಿದ್ದಾರೆ. ಹಿತ್ತಾಳೆ ಮೆತ್ತಗೆ, ಉಕ್ಕಿನ ಸೂಜಿಗೆ ಹಿಗ್ಗದೆ ಇರುತ್ತದಾ? ಎಡಗಡೆ ಅಜೀರ್ಣಕ್ಕೆ ಕಾರಣ ಸಿಕ್ಕಿತು. ಸ್ಲೋನಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಸುರಿದು ಪ್ಲಗ್ಗು ಒದ್ದೆಯಾಗಿ, ಆ ಸಿಲಿಂಡರ್ ಉರಿಯುತ್ತಲೇ ಇರಲಿಲ್ಲ.

ಮೇನ್ ಜೆಟ್‌ಗಳ ಮೇಲೆ ನಂಬರ್ ಕೆತ್ತಿರುತ್ತದೆ. ಎರಡರ ನಂಬರ್ ಬೇರೆ ಬೇರೆ. ಬಲಗಡೆಯದು ಸಣ್ಣದು. ಯಾವ ಗಾಡಿಯಿಂದ ಕಿತ್ತು ಹಾಕಿದ್ದರೋ. ಊದುಬತ್ತಿ ಸಿಕ್ಕಿಸಿದ್ದ ಆ ಪಿಸ್ಟನ್ ಕಣ್ಣ ಮುಂದೆ ಬಂತು. ಹೈವೇಯಲ್ಲಿ ಒಂದು ದಿನ ಪೂರ್ತಿ ತಿರುವಿದ್ದರೆ ನನ್ನದೂ ಪೂಜೆಗೆ ಕೂರುತ್ತಿತ್ತು.

ಬಟ್ಟಲಿನಲ್ಲಿ ತೇಲುತ್ತಾ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಪೆಟ್ರೋಲ್ ಹೋಗಿದ್ದರೆ ಎಳನೀರಿನ ಹಾಗೆ ಸದ್ದಾಗುತ್ತದೆ. ಸದ್ದಿರಲಿಲ್ಲ. ಗ್ಯಾಸ್ಕೆಟ್ ತೆಗೆದು, ಕಾರ್ಬೊರೇಟರನ್ನು ತಲೆಕೆಳಗೆ ಮಾಡಿ, ಫ್ಲೋಟಿನ ನಾಲಿಗೆ ಪೆಟ್ರೋಲ್ ತಡೆಯುವ ಸೂಜಿಯನ್ನು ಸುಮ್ನೆ ಮುಟ್ಟುವಷ್ಟು ಓರೆ ಹಿಡಿದು ಎತ್ತರ ಅಳೆದೆ. 15 ಮಿಲಿಮೀಟರ್ ಇರಬೇಕು. ಒಂದು ಕಡೆ ಸರಿಯಿತ್ತು, ಇನ್ನೊಂದು ಕಡೆ ನಾಲಿಗೆಯನ್ನು ಸ್ವಲ್ಪ ಬಗ್ಗಿಸಬೇಕಾಯಿತು. ಕೇಳಲು ಸಲೀಸು, ಮಾಡಲು ಒಂದು ಗಂಟೆ.

ಸ್ಪ್ರೇ ಹೊಡೆದು ತೊಳೆದ ಮೇಲೆ ಪಂಕ್ಚರ್ ಅಂಗಡಿಗೆ ಹೋಗಿ ಒಂದೊಂದೇ ತೂತಿಗೂ ಗಾಳಿ ಹೊಡೆಸಿದೆ. ಹುಡುಗ ದುಡ್ಡು ಬೇಡ ಅಂದ. 'ಇದು ಟ್ಯೂಬಾ ಸರ?' ಅಂತ ನಕ್ಕ.

ಜೆಟ್‌ಗಳು ದಾವಣಗೆರೆಯಲ್ಲಿ ಸಿಗಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಗೆಳೆಯನೊಬ್ಬ ಹುಡುಕಿ ಬಸ್ಸಿನಲ್ಲಿ ಕಳಿಸಿದ. ಎರಡೂ ಕಡೆ ಒಂದೇ ನಂಬರಿನವು. ಮೇನ್ ಜೆಟ್ ಮಾತ್ರ ಕಂಪನಿ ಅಳತೆಗಿಂತ ಒಂದು ಮೆಟ್ಟಿಲು ದೊಡ್ಡದನ್ನೂ ತರಿಸು ಅಂತ ಕಾಕಾ ಹೇಳಿದ್ದರು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥೆನಾಲ್. ಎಥೆನಾಲ್ ಒಳಗೇ ಆಮ್ಲಜನಕ ಇರುತ್ತದೆ. ಹಾಗಾಗಿ ಅದೇ ಜೆಟ್ಟಿನಲ್ಲಿ ಅಷ್ಟೇ ಪೆಟ್ರೋಲ್ ಹೋದರೂ ಗಾಳಿ ಜಾಸ್ತಿ ಆದ ಹಾಗೆ ಲೆಕ್ಕ. ಹಳೇ ರಬ್ಬರಿಗೂ ಅದು ಆಗಿಬರುವುದಿಲ್ಲ. ನಮ್ಮ ಕಾರ್ಬೊರೇಟರಿನ ಓ-ರಿಂಗುಗಳು ನೆನೆಸಿದ ಕಡಲೆಯ ಹಾಗೆ ಊದಿಕೊಂಡಿದ್ದವು. ಎಲ್ಲ ಹೊಸದು ಹಾಕಿದೆ.

ಮೂರನೇ ಭಾನುವಾರ ಕಾಕಾನ ಅಂಗಡಿಯಲ್ಲಿ ಜೋಡಣೆ. ಎಡಗಡೆ ಜೀವ ಬಂತು, ಎರಡೂ ಪೈಪು ಬಿಸಿಯಾದವು. ಆದರೆ ಎಕ್ಸಲೇಟರ್ ಬಿಟ್ಟರೆ ಇಳಿಯದೆ ನಿಲ್ಲುವ ರೋಗ ಹೋಗಿರಲಿಲ್ಲ.

'ಎಲ್ಲಿಂದಾನೋ ಗಾಳಿ ಕುಡೀತೈತಿ' ಅಂದರು ಕಾಕಾ. ಕಟಿಂಗ್ ಶಾಪಿನವರು ಇಡುವಂಥ ನೀರಿನ ಸ್ಪ್ರೇ ಬಾಟಲಿ ಕೊಟ್ಟು, ಸ್ಲೋನಲ್ಲಿ ಓಡುತ್ತಿರುವಾಗ ಜೋಡಣೆ ಇರುವ ಕಡೆಯೆಲ್ಲ ಹೊಡೆಯಲು ಹೇಳಿದರು. ಮೇಲೆ ಹೊಡೆದರೆ ಏನೂ ಆಗಲಿಲ್ಲ. ಬಲಗಡೆ ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರಿನ ಅಡಿಗೆ ಹೊಡೆದ ಕೂಡಲೇ ಎಂಜಿನ್ ಗಕ್ ಅಂತು. ಬಿಚ್ಚಿ ಬಗ್ಗಿಸಿ ನೋಡಿದರೆ, ಮೇಲಿನಿಂದ ಕಾಣದ ಜಾಗದಲ್ಲಿ ಬೇಸಿಗೆ ಕೆರೆಯ ತಳದ ಹಾಗೆ ಬಿರುಕು. ಕಾರ್ಬೊರೇಟರ್ ಅಳೆದು ಕೊಡುವ ಪೆಟ್ರೋಲಿಗೆ ಅಳತೆ ಇಲ್ಲದ ಗಾಳಿ ಇಲ್ಲಿಂದ ಸೇರುತ್ತಿತ್ತು. ಸ್ಕ್ರೂ ತಿರುಗಿಸಿದರೆ ಬಿರುಕು ಮುಚ್ಚುತ್ತದಾ? ಪುಣ್ಯಕ್ಕೆ ಜೆ.ಸಿ. ರಸ್ತೆ ಪಾರ್ಸಲ್ಲಿನಲ್ಲಿ ಗೆಳೆಯ 'ಇರಲಿ' ಅಂತ ಆ ರಬ್ಬರಿನ ಜೊತೆಯನ್ನೂ ಹಾಕಿದ್ದ.

ಇಷ್ಟೆಲ್ಲ ಆದ ಮೇಲೆ ನಿಜವಾದ ಟ್ಯೂನಿಂಗ್ ಶುರು. ಅದಕ್ಕೆ ಹಿಡಿದದ್ದು ಮುಕ್ಕಾಲು ಗಂಟೆ ಅಷ್ಟೇ.

ಆರ್‌ಡಿಯಲ್ಲಿ ಹ್ಯಾಂಡಲಿನಿಂದ ಬರುವ ಕೇಬಲ್ ಒಂದೇ. ನಡುವೆ ಕವಲೊಡೆದು ಎರಡೂ ಕಾರ್ಬೊರೇಟರಿಗೆ ಹೋಗುತ್ತದೆ. ಒಳಗೆ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಸ್ಲೈಡ್ ಎರಡೂ ಒಟ್ಟಿಗೆ ಏಳಬೇಕು. ಫಿಲ್ಟರ್ ಕಡೆಯ ರಬ್ಬರ್ ಬಿಚ್ಚಿ, ಎಂಜಿನ್ ಬಂದ್ ಇದ್ದಾಗ, ಎರಡೂ ಬಾಯಿಗೆ ಒಂದೊಂದು ಬೆರಳು ಇಟ್ಟು ಸ್ಲೈಡ್ ಮುಟ್ಟಿಕೊಂಡಿರಲು ಹೇಳಿದರು. ಕಾಕಾ ಎಕ್ಸಲೇಟರನ್ನು ಇಷ್ಟಿಷ್ಟೇ ತಿರುವಿದರು. ಎಡ ಬೆರಳಿಗೆ ಮೊದಲು ಅಲುಗಾಟ ಗೊತ್ತಾಯಿತು, ಒಂದು ಕ್ಷಣ ಬಿಟ್ಟು ಬಲಕ್ಕೆ. ಕಣ್ಣಿಗೆ ಕಾಣದ ವ್ಯತ್ಯಾಸ ಬೆರಳಿಗೆ ಸ್ಪಷ್ಟ. ಬಲಗಡೆ ಕೇಬಲಿನ ಅಡ್ಜಸ್ಟರನ್ನು ಸ್ವಲ್ಪ ಬಿಚ್ಚಿ, ಮತ್ತೆ ನೋಡಿ, ಮತ್ತೆ ತಿರುಗಿಸಿ, ನಾಲ್ಕೈದು ಸಲ ಆದ ಮೇಲೆ ಎರಡೂ ಬೆರಳು ಒಟ್ಟಿಗೆ ಎದ್ದವು. ಗಾಣಕ್ಕೆ ಕಟ್ಟಿದ ಜೋಡಿ ಎತ್ತು ನೆನಪಾಯಿತು. ಆಮೇಲೆ ಒಂದು ಡ್ರಿಲ್ ಬಿಟ್ಟಿನ ಹಿಂಬದಿಯನ್ನು ಸ್ಲೈಡ್ ಕೆಳಗೆ ತೂರಿಸಿ ಎರಡೂ ಕಡೆ ಒಂದೇ ಬಿಗಿ ಇದೆಯಾ ಅಂತಲೂ ನೋಡಿದೆವು. ಬೆರಳು ಸುಳ್ಳು ಹೇಳಿರಲಿಲ್ಲ.

ಇನ್ನು ಏರ್ ಸ್ಕ್ರೂ. ಇದನ್ನು ಒಂದು ಮಾತು ಬಿಡಿಸಿ ಹೇಳಬೇಕು. ಸ್ಕ್ರೂ ಫಿಲ್ಟರ್ ಕಡೆ ಇದ್ದರೆ ಅದು ಗಾಳಿಯನ್ನು ಅಳೆಯುತ್ತದೆ. ಬಿಚ್ಚಿದರೆ ಗಾಳಿ ಜಾಸ್ತಿ, ಬಿಗಿ ಮಾಡಿದರೆ ಪೆಟ್ರೋಲ್ ಜಾಸ್ತಿ. ಎಂಜಿನ್ ಕಡೆ ಇದ್ದರೆ ಅದು ಪೆಟ್ರೋಲ್ ಸ್ಕ್ರೂ, ಲೆಕ್ಕ ತಿರುಗುಮುರುಗು. ಇವತ್ತಿನ ಎಷ್ಟೋ ಹುಡುಗರು ಫೋರ್ ಸ್ಟ್ರೋಕ್ ಅಭ್ಯಾಸದಲ್ಲಿ ಇಲ್ಲಿ ಉಲ್ಟಾ ತಿರುಗಿಸುತ್ತಾರೆ. ನಮ್ಮದು ಫಿಲ್ಟರ್ ಕಡೆ. ಮೆಲ್ಲಗೆ ತಳ ಮುಟ್ಟಿಸಿ, ಒತ್ತದೆ, ಒಂದೂವರೆ ಸುತ್ತು ಬಿಚ್ಚಿದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಒಂದು ಕಡೆಯದನ್ನು ಕಾಲು ಸುತ್ತು ಆ ಕಡೆ, ಕಾಲು ಸುತ್ತು ಈ ಕಡೆ ಮಾಡಿ, ಸದ್ದು ಎಲ್ಲಿ ಏರುತ್ತದೋ ಅಲ್ಲಿ ನಿಲ್ಲಿಸಿದೆ. ಆಮೇಲೆ ಇನ್ನೊಂದು ಕಡೆ. ಏರಿದ ಸ್ಲೋವನ್ನು ಎರಡೂ ಸ್ಲೈಡ್ ಸ್ಕ್ರೂ ಸಮ ಸಮ ಬಿಚ್ಚಿ ಇಳಿಸಿದೆ. ಎಡ ಒಂದೂವರೆ, ಬಲ ಒಂದೂಕಾಲಿಗೆ ನಿಂತಿತು. ಎರಡೂವರೆ ಸುತ್ತು ದಾಟಿದರೂ ಸರಿ ಹೋಗದಿದ್ದರೆ ಪೈಲಟ್ ಜೆಟ್ ದೊಡ್ಡದಾಯಿತು ಅಂತ ಅರ್ಥ, ಸ್ಕ್ರೂ ಜೊತೆ ಗುದ್ದಾಡಬ್ಯಾಡ ಅಂದರು ಕಾಕಾ.

ಎಕ್ಸಲೇಟರ್ ಬಿಟ್ಟೆ. ಸದ್ದು ತಟ್ಟನೆ ಇಳಿದು 'ಡಿಂಗ್ ಡಿಂಗ್ ಡಿಂಗ್' ಅಂತ ನಿಂತಿತು. ಪಕ್ಕದ ವೆಲ್ಡಿಂಗ್ ಅಂಗಡಿಯವರು ಕೆಲಸ ಬಿಟ್ಟು ಎದ್ದು ಬಂದರು.

ನಾಲ್ಕನೇ ಭಾನುವಾರ ಬೆಳಿಗ್ಗೆ ಆರಕ್ಕೆ ಕೊಂಡಜ್ಜಿ ರಸ್ತೆ. ಖಾಲಿ ನೇರ ದಾರಿ ಸಿಕ್ಕಲ್ಲಿ ಅರ್ಧ ಎಕ್ಸಲೇಟರಿನಲ್ಲಿ ಒಂದು ಕಿಲೋಮೀಟರ್ ಓಡಿಸಿ, ಕ್ಲಚ್ ಹಿಡಿದು, ಅದೇ ಕ್ಷಣ ಕೀ ಬಂದ್ ಮಾಡಿ, ಗಾಡಿ ತಾನಾಗಿ ಉರುಳಿ ನಿಲ್ಲಲು ಬಿಟ್ಟೆ. ಸ್ಲೋನಲ್ಲಿ ತಂದು ನಿಲ್ಲಿಸಿದರೆ ಪ್ಲಗ್ಗು ಸ್ಲೋನ ಕಥೆ ಹೇಳುತ್ತದೆಯೇ ಹೊರತು ಓಟದ ಕಥೆ ಅಲ್ಲ. ಹಿಂದೆ ಮುಂದೆ ಗಾಡಿ ಇರುವ ಕಡೆ ಇದನ್ನು ಮಾಡಬೇಡಿ. ಪ್ಲಗ್ಗು ಎರಡೂ ಸ್ವಲ್ಪ ಬಿಳುಚು. ಅರ್ಧ ಎಕ್ಸಲೇಟರಿನಲ್ಲಿ ಮಾತು ನಡೆಯುವುದು ಸ್ಲೈಡಿನಿಂದ ಇಳಿಬಿದ್ದಿರುವ ಉದ್ದ ಸೂಜಿಯದು. ಅದರ ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿದರೆ ಸೂಜಿ ಮೇಲೇಳುತ್ತದೆ, ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಕೆರೆ ಏರಿ ಹತ್ತಿರ ಟವೆಲ್ ಹಾಸಿ ಎರಡೂ ಸೂಜಿ ತೆಗೆದು ಕ್ಲಿಪ್ಪನ್ನು ಒಂದೊಂದು ಕಚ್ಚು ಇಳಿಸಿದೆ. ಒಂದು ಕ್ಲಿಪ್ಪು ಚಿಮ್ಮಿ ಹುಲ್ಲಿಗೆ ಬಿತ್ತು. ಅದನ್ನು ಹುಡುಕಿದ್ದೇ ಇಪ್ಪತ್ತು ನಿಮಿಷ. ಮೇಕೆ ಮೇಯಿಸುವ ಅಜ್ಜ ಒಬ್ಬರು ಬಂದು 'ಏನ್ ಕಳೆದೈತೋ ತಮ್ಮಾ, ಉಂಗುರಾ?' ಅಂತ ಕೇಳಿ, ತಾವೂ ಹುಡುಕಿ, ಅವರೇ ಹಿಡಿದುಕೊಟ್ಟರು.

ಮತ್ತೆ ಓಟ, ಮತ್ತೆ ಪ್ಲಗ್ಗು. ಕಾಫಿಪುಡಿ. ಪೂರ್ತಿ ಎಕ್ಸಲೇಟರಿಗೆ ದೊಡ್ಡ ಮೇನ್ ಜೆಟ್ಟೇ ಸರಿ ಬಂತು.

ಬೆಣ್ಣೆ ದೋಸೆ ತಿಂದು ಸೀದಾ ಚಿತ್ರದುರ್ಗದ ದಾರಿ ಹಿಡಿದೆ. ಆನಗೋಡು, ಭರಮಸಾಗರ ದಾಟುವವರೆಗೂ ಕಿವಿಯೆಲ್ಲ ಎಂಜಿನ್ ಮೇಲೇ. ದುರ್ಗ ಹತ್ತಿರ ಬಂದ ಹಾಗೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡವು, ಎದುರುಗಾಳಿಯೂ ಶುರುವಾಯಿತು. ಮೊದಲಾಗಿದ್ದರೆ ಇಂಥ ಕಡೆ ಗಾಡಿ ಕೆಮ್ಮುತ್ತಿತ್ತು. ಈಗ ನಾಲ್ಕಕ್ಕೆ ಇಳಿಸಿ ತಿರುವಿದರೆ ಮಾವನ ಕಾಲದ ಆ ಕಿರುಚು ಬಂತು. ಹೆಲ್ಮೆಟ್ಟಿನೊಳಗೆ ಒಬ್ಬನೇ ನಕ್ಕೆ. ಕೋಟೆ ಬಾಗಿಲ ಹತ್ತಿರ ಮಂಡಕ್ಕಿ ಮಿರ್ಚಿ ತಿಂದು ವಾಪಸ್ ಬಂದು ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದೆ. ಲೀಟರಿಗೆ 22. ಮಾವನಿಗೂ ಇಷ್ಟು ಬಂದಿರಲಿಲ್ಲ ಅಂತ ಅತ್ತೆ ಅಂದರು. ಅವರಿಗೆ ಅದು ಹೇಗೆ ಗೊತ್ತೋ.

ಸೀಟಿನ ಅಡಿಯ ತಗಡಿನ ಮೇಲೆ ಎಲ್ಲ ನಂಬರನ್ನೂ ಮಾರ್ಕರಿನಲ್ಲಿ ಬರೆದಿದ್ದೇನೆ. ಎಡ ಒಂದೂವರೆ, ಬಲ ಒಂದೂಕಾಲು, ಎಣ್ಣೆ 40. ಅದೆಲ್ಲ ಏಪ್ರಿಲ್ ಬಿಸಿಲಿನಲ್ಲಿ ಮಾಡಿದ್ದು. 'ಮಳೆ ಹಿಡಿದ ಮೇಲೆ ಗಾಳಿ ತಂಪಾಗತೈತಿ, ದಪ್ಪ ಆಗತೈತಿ. ಆವಾಗ ಸ್ವಲ್ಪ ಒಳಗೆ ತಿರುವು' ಅಂತ ಕಾಕಾ ಹೇಳಿದ್ದರು. ಜೂನ್‌ನಲ್ಲಿ ಭದ್ರಾ ನಾಲೆ ಕಡೆಯಿಂದ ತಣ್ಣನೆ ಗಾಳಿ ಬೀಸಿದ ಒಂದು ಬೆಳಿಗ್ಗೆ ಬಲಗಡೆ ಸಣ್ಣಗೆ ಗೊಣಗಿತು. ಜೇಬಿನಿಂದ ಸ್ಕ್ರೂ ಡ್ರೈವರ್ ತೆಗೆದು ಕಾಲು ಸುತ್ತು ಒಳಗೆ ತಿರುವಿ, ತಗಡಿನ ಮೇಲೆ 'ಮಳೆಗಾಲ: ಬಲ ಒಂದು' ಅಂತ ಸೇರಿಸಿದೆ.